ನಲವತ್ತು ನಿಮಿಷ ಎತ್ತಿಕೊಂಡವರು

ಕಳೆದ ವಾರ ಇಲ್ಲಿ ಗಲ್ಫಿನಲ್ಲಿ, ಅಲ್ ಥುಮಾಮಾ ಬಡಾವಣೆಯ ಒಂದು ಕ್ಲಿನಿಕ್ಕಿಗೆ ರಕ್ತಪರೀಕ್ಷೆಗೆಂದು ಹೋಗಿದ್ದೆ. ಕೈ ತೊಳೆಯಲು ನಲ್ಲಿಯ ಪಕ್ಕದ ಡಬ್ಬಿ ಒತ್ತಿದರೆ ಗುಲಾಬಿ ಬಣ್ಣದ ಸೋಪು ಬಂತು. ಅದೇ ವಾಸನೆ. ಅಲ್ ಮುಂತಜಾದ ನಮ್ಮ ಹಳೆಯ ಕಟ್ಟಡದ ಲಿಫ್ಟಿನಲ್ಲಿ ಈ ವಾಸನೆ ಇದ್ದರೆ ಸಿಸ್ಟರ್ ಡ್ಯೂಟಿ ಮುಗಿಸಿ ಬಂದರು ಎಂದು ಅರ್ಥ. ಮತ್ತೆ ಮತ್ತೆ ನೀರು ಬಿಟ್ಟು ಕೈ ತೊಳೆದೆ, ವಾಸನೆ ಹೋಗಲಿಲ್ಲ…

ಅವರು ನಮ್ಮ ಕೆಳಗಿನ ಮಹಡಿಯಲ್ಲಿದ್ದರು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಮದುವೆಯಾಗಿರಲಿಲ್ಲ. ಮೂವತ್ತು ವರ್ಷದ ಹತ್ತಿರ ಒಂದೇ ಕೆಲಸ, ಆಗತಾನೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ನರ್ಸ್. ಕಟ್ಟಡಕ್ಕೆಲ್ಲ ಅವರು ಸಿಸ್ಟರ್. ಬಾಯಿ ಜೋರು. ಮಗು ಹಾಲು ಕುಡಿಯುವುದಿಲ್ಲ ಎಂದು ಅಳುತ್ತ ಬಂದ ಬಾಣಂತಿಗೆ, "ನೀನು ಅತ್ರೆ ಮಗುವಿನ ಹೊಟ್ಟೆ ತುಂಬ್ತದಾ ಮಾರಾಯ್ತಿ? ಇತ್ತ ಕೊಡು" ಎಂದು ಗದರುವರು. ಗದರಿ, ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು, ಆಮೇಲೆಯೇ ಮಗುವನ್ನು ಮುಟ್ಟುವರು. ಎಷ್ಟೇ ಅವಸರವಿದ್ದರೂ ಅವರು ತಣ್ಣಗಿನ ಕೈಯಲ್ಲಿ ಮಗುವನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ.

ಅವರ ಕೈಯಲ್ಲಿ ಬದುಕಿಕೊಂಡ ಮಕ್ಕಳು ಎಷ್ಟೋ. ನಮ್ಮ ಮೊದಲ ಮಗಳು ಬದುಕಲಿಲ್ಲ. ಆರು ತಿಂಗಳು ತುಂಬುತ್ತಿದ್ದಂತೆ ಹುಟ್ಟಿದಳು, ಎರಡು ದಿನ ಇದ್ದಳು. ಹೆಂಡತಿ ಬೇರೆ ವಾರ್ಡಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಎರಡನೆಯ ದಿನ ಮಧ್ಯಾಹ್ನ ಸಿಸ್ಟರ್ ಹೊರಗೆ ಬಂದು, "ಇನ್ನು ಸ್ವಲ್ಪ ಹೊತ್ತು ಅಷ್ಟೇ. ಬನ್ನಿ, ಒಮ್ಮೆ ಎತ್ಕೊಳ್ಳಿ" ಎಂದರು. "ಬೇಡ ಸಿಸ್ಟರ್, ಖಲಾಸ್" ಎಂದೆ. ಆಫೀಸಿನಲ್ಲಿ ಫೈಲು ಮುಚ್ಚುವಾಗ ಹೇಳುವ ಮಾತು ಅದು. ಬಾಗಿಲಿನ ತನಕವೂ ನಾನು ಹೋಗಲಿಲ್ಲ. ಎಚ್ಚರವಾದ ಮೇಲೆ ಹೆಂಡತಿ ಕೇಳಿದ್ದು ಒಂದೇ, "ನೀವು ನೋಡಿದ್ರಾ?" ನೋಡಿದೆ, ಎತ್ತಿಕೊಂಡಿದ್ದೆ, ನಿನ್ನ ಹಾಗೇ ಇದ್ದಳು ಎಂದೆ. ಆ ಸುಳ್ಳನ್ನು ನಂಬಿಕೊಂಡೇ ಅವಳು ಎದ್ದು ಕೂತಳು, ನಾಲ್ಕು ತುತ್ತು ಉಂಡಳು. ಆಮೇಲೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

ವರ್ಷಗಳು ಕಳೆದು, ಸಿಸ್ಟರ್ ನಿವೃತ್ತರಾಗಿ ಊರಿಗೆ ಹೊರಟಾಗ ಇಲ್ಲಿನ ನಮ್ಮ ಕನ್ನಡ ಸಂಘದವರು ಜೀವಮಾನದ ಸೇವೆಗೆಂದು ಸನ್ಮಾನ ಇಟ್ಟುಕೊಂಡರು. ಸನ್ಮಾನ ಪತ್ರ ಬರೆಯುವ ಕೆಲಸ ನನ್ನದು. ಮಮತೆಯ ಮೂರ್ತಿ, ಕರುಣೆಯ ಕಡಲು, ಸಾವಿರ ಮಕ್ಕಳ ತಾಯಿ ಎಂದು ಬಾಯಿಗೆ ಬಂದದ್ದನ್ನೆಲ್ಲ ತುಂಬಿದ್ದೆ. ಅವರು ಓದಿ, "ಇದರಲ್ಲಿ ನಾನೆಲ್ಲಿದ್ದೇನೆ ಮಾರಾಯ್ರೆ? ತಾಯಿ ಅಂತ ಬರೀಬೇಡಿ, ನರ್ಸ್ ಅಂತ ಬರೀರಿ. ಕಲಿತು ಮಾಡಿದ ಕೆಲಸ ಅದು" ಎಂದರು. ಆಮೇಲೆ ತಮ್ಮ ಭಾಷಣದ ಎರಡು ಹಾಳೆ ಕೊಟ್ಟರು. ಹತ್ತನೆಯ ಕ್ಲಾಸಿನ ನಂತರ ಕನ್ನಡ ಬರೆದವರಲ್ಲ, ತಪ್ಪಿದ್ದರೆ ನಾನು ತಿದ್ದಬೇಕಂತೆ.

ಬದುಕಿದ ಮಕ್ಕಳ ಬಗ್ಗೆ ಅದರಲ್ಲಿ ಒಂದೇ ಸಾಲು. ಮಿಕ್ಕಿದ್ದೆಲ್ಲ ತೀರಿಕೊಂಡವರದು. ಎತ್ತಿಕೊಳ್ಳಲು ಯಾರೂ ಬಾರದ ಮಕ್ಕಳನ್ನು ಕೊನೆಯ ಉಸಿರಿನ ತನಕ ತಾವೇ ಎತ್ತಿಕೊಂಡು ಕೂತದ್ದು, ಆಮೇಲೆ ಬಿಸಿನೀರಿನಲ್ಲಿ ಒರೆಸಿ ಬಟ್ಟೆ ಸುತ್ತಿದ್ದು. ಇದೂ ನರ್ಸಿನ ಕೆಲಸವೇ, ಆದರೆ ಇದನ್ನು ಯಾರೂ ಕೇಳುವುದಿಲ್ಲ ಎಂದು ಬರೆದಿದ್ದರು. ನಡುವೆ ಒಂದು ಕಡೆ… "ನಮ್ಮ ಬಿಲ್ಡಿಂಗಿನದೇ ಒಂದು ಹೆಣ್ಣು ಮಗು. ತಂದೆಗೆ ಧೈರ್ಯ ಬರಲಿಲ್ಲ. ನಾನು ನಲವತ್ತು ನಿಮಿಷ ಎತ್ತಿಕೊಂಡೆ."

ಸಭೆಯಲ್ಲಿ ನನ್ನ ಹೆಂಡತಿ ಇರುತ್ತಾಳೆ. ಕಾಗುಣಿತ ತಿದ್ದುವ ಕೆಂಪು ಪೆನ್ನಿನಲ್ಲೇ ಆ ಸಾಲುಗಳನ್ನು ಹೊಡೆದುಹಾಕಿದೆ. "ಸಂತೋಷದ ದಿನ ಸತ್ತವರ ಮಾತು ಯಾಕೆ ಸಿಸ್ಟರ್?" ಎಂದೆ. ಅವರು ಕೆಂಪು ಗೆರೆ ನೋಡಿದರು, ನನ್ನ ಮುಖ ನೋಡಿದರು. "ಹೆಂಡತಿಗೆ ಹೇಳ್ಲೇ ಇಲ್ವಾ ನೀವು?" ನಾನು ಪೆನ್ನಿಗೆ ಮುಚ್ಚಳ ಹಾಕಿದೆ. "ಸರಿ, ನಾನು ಓದುವುದಿಲ್ಲ. ಆದ್ರೆ ನೀವು ಹೇಳ್ಬೇಕು. ಮಗು ಹೇಗಿತ್ತು ಅಂತ ಅವಳಿಗೆ ತಿಳೀಬೇಕಾದ್ರೆ ನನ್ನ ಹತ್ರ ಕಳಿಸಿ. ನನಗೆ ಎಲ್ಲ ನೆನಪುಂಟು." ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಸಮಾರಂಭದಲ್ಲಿ ಅಧ್ಯಕ್ಷರು ಅರ್ಧ ಗಂಟೆ ಮಾತನಾಡಿದರು, ಹೆಚ್ಚಿನದು ತಮ್ಮ ಬಗ್ಗೆಯೇ. ಸನ್ಮಾನ ಪತ್ರವನ್ನು ನಾನೇ ಓದಿದೆ. ತಾಯಿ ಎಂಬುದು ಹಾಗೇ ಉಳಿದಿತ್ತು, ಅಷ್ಟರಲ್ಲಿ ಫ್ರೇಮ್ ಹಾಕಿಸಿ ಆಗಿತ್ತು. ಸಿಸ್ಟರ್ ಮೈಕಿನ ಮುಂದೆ ನಿಂತು ಹಾಳೆ ಬಿಚ್ಚಿದರು. ಎರಡನೆಯ ಸಾಲಿನಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದರು. ಹಾಳೆ ಮಡಚಿ, "ಎಲ್ಲರಿಗೂ ಥ್ಯಾಂಕ್ಸ್" ಎಂದಷ್ಟೇ ಹೇಳಿ ಕೂತುಬಿಟ್ಟರು. ಎಂಥ ವಿನಯ ನೋಡಿ ಎಂದು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಊರಿಗೆ ಹೋದ ಮೇಲೆ ಆಗಾಗ ಫೋನ್ ಮಾಡುತ್ತಿದ್ದರು. ಹವೆ, ಆರೋಗ್ಯ ಎಲ್ಲ ಮುಗಿದ ಮೇಲೆ ಕೊನೆಗೊಂದು ಮಾತು, "ಹೇಳಿದ್ರಾ?" ಈ ವಾರ ಹೇಳುತ್ತೇನೆ ಎಂದೆ, ಮುಂದಿನ ವಾರ ಎಂದೆ… ಆಮೇಲೆ ಅವರ ನಂಬರು ಕಂಡರೆ ಫೋನ್ ಎತ್ತುವುದನ್ನೇ ಬಿಟ್ಟೆ. ಎರಡು ತಿಂಗಳ ಹಿಂದೆ ಸಂಘದ ವಾಟ್ಸಾಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು, ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳ ಚಿತ್ರ. ನಾಚಿಕೆಯಿಲ್ಲದೆ ನಾನೂ ಒಂದು ಹಾಕಿದೆ.

ಕ್ಲಿನಿಕ್ಕಿನಿಂದ ಅಲ್ ವುಕೈರಿನ ಈಗಿನ ಮನೆಗೆ ಬಂದವನು, ಯಾಕೋ ಸಿಸ್ಟರ್ ನೆನಪಾದರು ಎಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. "ಹೌದು. ಅವರೂ ಹೋದರು. ಮಗಳ ಮುಖ ನೋಡಿದವರು ಅಂತ ಇನ್ನು ನೀವೊಬ್ಬರೇ" ಎಂದಳು.

ಇಷ್ಟು ವರ್ಷ ಬಾರದ ಮಾತು ಆಗ ಬಂತು. ನಾನು ಒಳಗೇ ಹೋಗಲಿಲ್ಲ ಎಂಬುದನ್ನು, ನಲವತ್ತು ನಿಮಿಷವನ್ನು, ಕೆಂಪು ಪೆನ್ನನ್ನು, ಎತ್ತದ ಫೋನುಗಳನ್ನು, ಒಂದನ್ನೂ ಬಿಡದೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

"ಎರಡು ತಿಂಗಳು ಮೊದಲು ಹೇಳಿದ್ರೂ ಸಾಕಿತ್ತು… ಅವಳು ಕಣ್ಣು ಬಿಟ್ಟಿದ್ದಳಾ ಅಂತ ಸಿಸ್ಟರ್ ಹತ್ರ ಕೇಳ್ತಿದ್ದೆ."