ಗಂಗಾಮಣಿ ಒತ್ತಿದ ಟೋಪಿಗಳು

ಪಾಳ್ಯದ ಗಂಗಾಮಣಿ ತನ್ನ ಅಡಿಕೆ ಹಾಳೆಯ ತಟ್ಟೆ ಒತ್ತುವ ಯಂತ್ರದ ಸ್ವಿಚ್ ಹಾಕಿದರೆ, ಒಳಗೆ ಟೀವಿಯಲ್ಲಿ ಕ್ರಿಕೆಟ್ ಆಡುತ್ತಿದ್ದವರೆಲ್ಲ ಕುಗ್ಗಿ ಗಿಡ್ಡರಾಗಿಬಿಡುತ್ತಿದ್ದರು. ವೋಲ್ಟೇಜನ್ನೆಲ್ಲ ಯಂತ್ರವೇ ನುಂಗುತ್ತಿತ್ತು. ಅವಳ ಗಂಡ ಕೃಷ್ಣಪ್ಪನಿಗೆ ಇದಕ್ಕಿಂತ ದೊಡ್ಡ ದುಃಖ ಬೇರೆ ಇರಲಿಲ್ಲ. ವಿಶ್ವಕಪ್ ನಡೆದ ವರ್ಷ, ಇಂಡಿಯಾದ ಬ್ಯಾಟಿಂಗ್ ನಡುವೆಯೇ ಆಟಗಾರರು ಪೂರಾ ಮಾಯವಾದ ದಿನ, ಅವನು ಸಿಟ್ಟಿನಿಂದ ಎದ್ದು ಆನೇಮಹಲ್‌ಗೆ ಹೋದ. ಅಲ್ಲಿ ಹೋಟೆಲ್ ಇಟ್ಟಿದ್ದ ಕರಿಯಪ್ಪನಿಗೆ ಯಂತ್ರ ಮಾರುವ ಮಾತಾಡಿ ಬಂದ. ಭಾನುವಾರ ಕರಿಯಪ್ಪ ಜೀಪು ತಂದು ಹೇರಿಕೊಂಡು ಹೋಗುವುದೆಂದಾಯಿತು.

ಮದುವೆಯಾಗಿ ಬಂದಾಗಿನಿಂದ ಗಂಗಾಮಣಿ ಕೃಷ್ಣಪ್ಪನ ಹೆಂಡತಿ, ಆಮೇಲೆ ದೀಪಶ್ರೀಯ ಅಮ್ಮ. ಯಂತ್ರ ಬಂದ ಮೇಲೆ ಆಲೂರಿನ ಮದುವೆಮನೆಗಳಲ್ಲೆಲ್ಲ ಜನ 'ಗಂಗಾಮಣಿ ತಟ್ಟೆ' ಎಂದು ಕೇಳಿ ತರಿಸುತ್ತಿದ್ದರು. ಆ ಹೆಸರು ಜೀಪು ಹತ್ತಿ ಹೋಗುವುದನ್ನು ನೆನೆದರೆ ಅವಳಿಗೆ ಅಳು ಬರುತ್ತಿತ್ತು. ಯಂತ್ರವೇನು ರೂಪವಂತನೂ ಅಲ್ಲ, ಸಾಧುವೂ ಅಲ್ಲ. ಹೊಗೆ ಉಗುಳುತ್ತಿತ್ತು, ಒಮ್ಮೊಮ್ಮೆ ಶಾಕ್ ಹೊಡೆಯುತ್ತಿತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ?

ಇಂಥ ಹೊತ್ತಿನಲ್ಲಿ ಊರಿನ ಕ್ರಿಕೆಟ್ ತಂಡದ ಕ್ಯಾಪ್ಟನ್ ರಾಜೇಶ್ ಚೀಲವೊಂದನ್ನು ಹೊತ್ತು ಬಂದ. ಅದರಲ್ಲಿ ಹಾಸನದಿಂದ ತಂದ ಬಿಳಿ ಟೋಪಿಗಳೂ ಆನೆಯ ಕಸೂತಿಯಿದ್ದ ಬಟ್ಟೆಯ ಬಿಲ್ಲೆಗಳೂ ಇದ್ದವು. ಬಿಲ್ಲೆಯ ಬೆನ್ನಿಗೆ ಅಂಟು ಇತ್ತು; ಬಿಸಿಯಲ್ಲಿ ಒತ್ತಿದರೆ ಟೋಪಿಗೆ ಕಚ್ಚಿಕೊಳ್ಳಬೇಕು. ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿದರೆ ಆನೆಯ ಸೊಂಡಿಲು ಅಂಟಿತು, ಹಿಂಭಾಗ ಎದ್ದೇ ನಿಂತಿತು ಎಂದು ರಾಜೇಶ್ ಅಲವತ್ತುಕೊಂಡ. ಭಾನುವಾರವೇ ಬಿಸಿಲೆಯವರ ಜೊತೆ ಪಂದ್ಯ, ಕೃಷ್ಣಪ್ಪನೇ ಅಂಪೈರ್. ಇಡೀ ತಂಡ ತನ್ನ ಯಂತ್ರ ಒತ್ತಿದ ಟೋಪಿ ಹಾಕಿಕೊಂಡು ನಿಂತರೆ ಗಂಡನಾದರೂ ಯಾವ ಮುಖ ಇಟ್ಟುಕೊಂಡು ಅದನ್ನು ಮಾರಿಯಾನು ಎಂದು ಗಂಗಾಮಣಿ ಲೆಕ್ಕ ಹಾಕಿದಳು.

"ಚೀಲ ಇಲ್ಲೇ ಬುಟ್ಟೋಗು. ಬಿಸಿ ಮಾಡಿ ಒತ್ತೋದ್ನ ನಂಗೆ ಹೇಳ್ಕೊಡ್ಬೇಕೇನೋ?" ಎಂದಳು.

ಹಾಳೆಯನ್ನು ನೆನೆಸದೆ ಒತ್ತಿದರೆ ಸೀಳುತ್ತದೆ. ಇದು ಅವಳ ಕೈಗೇ ಹತ್ತಿದ ಪಾಠ. ಆದ್ದರಿಂದ ಟೋಪಿಗಳನ್ನೂ ಬಾನಿಯಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ಕಲ್ಲು ಹೇರಿದಳು. ತಪ್ಪಿಸಿಕೊಂಡದ್ದು ಕೃಷ್ಣಪ್ಪನ ಟೋಪಿ ಒಂದೇ. ಅಂಪೈರ್ ಆದ ಹುರುಪಿನಲ್ಲಿ ಅವನು ಅದನ್ನು ಬಿಲ್ಲೆಯಿಲ್ಲದೆಯೇ ತಲೆಗೇರಿಸಿದ್ದ. ಊಟಕ್ಕೆ ಕೂತಾಗಲೂ ತೆಗೆದಿರಲಿಲ್ಲ.

ಮಾರನೆಯ ದಿನ ಅವಳು ಒಂದೊಂದೇ ಟೋಪಿಯನ್ನು ಅಚ್ಚಿನ ಮೇಲೆ ಹರವಿ, ಬಿಲ್ಲೆ ಇಟ್ಟು, ಹಿಡಿ ಎಳೆದು ಅದುಮಿದಳು. ಬುಸ್ಸೆಂದು ಹಬೆ ಎದ್ದಿತು. ಆನೆ ನೆಟ್ಟಗೆ ಕೂತಿದೆಯೇ ಎಂದಷ್ಟೇ ಅವಳು ನೋಡುತ್ತಿದ್ದಳು, ಆನೆ ಜಗ್ಗದಂತೆ ಕೂತಿತ್ತು. ಎಲ್ಲ ಮುಗಿದ ಮೇಲೆಯೇ ಅವಳು ಆನೆಯ ಸುತ್ತ ಕಣ್ಣಾಡಿಸಿದ್ದು. ನೆನೆದು ಮೆತ್ತಗಾಗಿದ್ದ ಟೋಪಿಗಳು ಅಚ್ಚಿನಲ್ಲಿ ಚಪ್ಪಟೆಯಾಗಿ, ಸುತ್ತ ಅಂಚು ಎದ್ದು, ಗಟ್ಟಿಯಾಗಿಬಿಟ್ಟಿದ್ದವು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಬೇರೆ ದಾರಿಯಿಲ್ಲದೆ ಹುಡುಗರು ಅವನ್ನೇ ತಲೆಯ ಮೇಲಿಟ್ಟುಕೊಂಡು ಮೈದಾನಕ್ಕಿಳಿದರು. ಓಡಿದರೆ ಟೋಪಿ ಬೀಳುತ್ತಿತ್ತು, ಟೋಪಿ ಹಿಡಿದರೆ ಕ್ಯಾಚ್ ಬೀಳುತ್ತಿತ್ತು. ಪಾಳ್ಯ ಸೋತು ಸುಣ್ಣವಾಯಿತು. ಊಟದ ಹೊತ್ತಿಗೆ ಇನ್ನೊಂದು ಫಜೀತಿ ಬಯಲಾಯಿತು: ಟೋಪಿಯ ಗಲಾಟೆಯಲ್ಲಿ ಗಂಗಾಮಣಿ ತಟ್ಟೆ ಒತ್ತುವುದನ್ನೇ ಮರೆತಿದ್ದಳು. ರಾಜೇಶ್ ಸುಮ್ಮನೆ ತನ್ನ ಟೋಪಿ ತೆಗೆದು ಚಿತ್ರಾನ್ನಕ್ಕೆ ಒಡ್ಡಿದ. ಟೋಪಿಯ ಮುಂಚಾಚು ಹಿಡಿಯಾಗಿ ಒದಗಿತು. ಅದನ್ನು ಕಂಡು ಬಿಸಿಲೆಯವರೂ ತಮಗೆ ಹಿಡಿಯಿರುವ ತಟ್ಟೆಯೇ ಬೇಕೆಂದು ಹಟ ಹಿಡಿದರು.

ಅಷ್ಟರಲ್ಲಿ ಜೀಪಿನಲ್ಲಿ ಬಂದ ಕರಿಯಪ್ಪನಿಗೂ ಒಂದು ಟೋಪಿಯಲ್ಲಿ ಬಡಿಸಿದರು. ಅನ್ನ ಸರಿಸಿದರೆ ಕೆಳಗೆ ಆನೆ. ವಿಷಯ ಕೇಳಿ ತಿಳಿದ ಮೇಲೆ ಅವನ ಮುಖ ಸಣ್ಣದಾಯಿತು.

"ಈ ಮಿಷನ್ ಸರಿ ಇಲ್ಲ ಕಣೋ ಕೃಷ್ಣಪ್ಪ. ಟೋಪಿ ಕೊಟ್ರೆ ತಟ್ಟೆ ಮಾಡೈತೆ, ನಾಳೆ ಹಾಳೆ ಕೊಟ್ರೆ ಏನ್ ಮಾಡ್ತದೋ. ನಂಗೆ ಬ್ಯಾಡ ಮಾರಾಯ."

ಗಂಗಾಮಣಿ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಂತ್ರ ಉಳಿಯುತ್ತಿತ್ತು. ರಾಜೇಶ್ ಸುಮ್ಮನಿರು ಎಂದು ಕಣ್ಸನ್ನೆಯನ್ನೂ ಮಾಡಿದ. ಆದರೆ ಯಂತ್ರಕ್ಕೆ ಕೆಟ್ಟ ಹೆಸರು ಬಂದದ್ದನ್ನು ಅವಳು ಸಹಿಸಲಾರದೆ ಹೋದಳು.

"ಮಿಷನ್ನಿಗೆ ಅನ್ಬ್ಯಾಡಿ. ನೆನೆಸಿದ್ದು ನಾನು," ಎಂದವಳೇ ಗಂಡನ ತಲೆಯಿಂದ ಒಣ ಟೋಪಿ ಕಿತ್ತುಕೊಂಡು ಮನೆಯತ್ತ ಹೊರಟಳು. ಅವಳ ಹಿಂದೆ ಬೋಳುತಲೆಯ ಕೃಷ್ಣಪ್ಪ, ಅವನ ಹಿಂದೆ ಅನ್ನದ ಟೋಪಿ ಹಿಡಿದ ಕರಿಯಪ್ಪ.

ಈ ಸಲ ಅವಳು ಟೋಪಿಯ ಮುಂಭಾಗವನ್ನಷ್ಟೇ ಅಚ್ಚಿನೊಳಗೆ ತೂರಿಸಿ, ಉಳಿದದ್ದನ್ನು ಹೊರಗೆ ಬಿಟ್ಟು, ಗಂಡನ ಪಾಲಿಗೆ ಉಳಿದಿದ್ದ ಬಿಲ್ಲೆ ಇಟ್ಟು, ಮೆಲ್ಲಗೆ ಒತ್ತಿದಳು. ಟೋಪಿ ಟೋಪಿಯಾಗಿಯೇ ಹೊರಬಂತು, ಹಣೆಯ ಮೇಲೆ ಆನೆ. ಕರಿಯಪ್ಪ ತಲೆದೂಗಿ, ಮೈದಾನದಲ್ಲಿದ್ದ ಜೀಪನ್ನು ಮನೆಬಾಗಿಲಿಗೆ ತಂದು, ಹಗ್ಗ ಬಿಚ್ಚಿದ. ತಾನೇನು ಮಾಡಿಕೊಂಡೆ ಎಂಬುದು ಗಂಗಾಮಣಿಗೆ ಹೊಳೆದದ್ದು ಆಗಲೇ. ಅವಳು ಯಂತ್ರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು, ಕಣ್ಣು ತುಂಬಿತು.

ಕೃಷ್ಣಪ್ಪ ಟೋಪಿಯನ್ನು ಬಿಸಿಬಿಸಿಯಾಗಿಯೇ ತಲೆಗಿಟ್ಟುಕೊಂಡ. ಬೋಳುತಲೆ ಚುರ್ರೆಂದಿರಬೇಕು, ಮುಖ ಹಿಂಡಿದ. ಆದರೂ ತೆಗೆಯಲಿಲ್ಲ. ಹೆಂಡತಿಯ ಕೈಗಳನ್ನು ಒಂದು ಗಳಿಗೆ ನೋಡಿ, ಔಟ್ ಕೊಡುವ ಹಾಗೆ ಕರಿಯಪ್ಪನತ್ತ ಬೆರಳೆತ್ತಿದ.

"ಹಗ್ಗ ಸುತ್ಕೊ ಕಣೋ ಕರಿಯಪ್ಪ. ಇದ್ನ ಹತ್ಸಿದ್ರೆ ಇವ್ಳೂ ಜೊತೆಗೇ ಜೀಪು ಹತ್ಬುಡ್ತಾಳೆ."

ಕರಿಯಪ್ಪ ಗೊಣಗುತ್ತ ಅನ್ನ ಮುಗಿಸಿ, ಟೋಪಿಯನ್ನು ತೊಳೆದು ಜೊತೆಗೊಯ್ದ. ಗಂಗಾಮಣಿ ಕಣ್ಣೊರೆಸಿಕೊಂಡು, ಮರೆತಿದ್ದ ತಟ್ಟೆಗಳನ್ನು ಒತ್ತಲು ಮತ್ತೆ ಸ್ವಿಚ್ ಹಾಕಿದಳು. ಒಳಗೆ ಆಟಗಾರರು ಕುಗ್ಗಿದರು. ಕೃಷ್ಣಪ್ಪ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು, ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದು ಕೂತ.