ನಾನು ನೋಡದೆ ಕೊಟ್ಟ ಮೂರನೇ ಸ್ಥಾನ

ಹಸನಾಕ, ಆ ಚುನಾವಣಾ ವರದಿಯನ್ನು ನಾನು ನೋಡಿರಲಿಲ್ಲ. ನಿಮ್ಮ ಬಾಪನಿಗೆ ಮೂರನೇ ಸ್ಥಾನ ಬಂದಿತ್ತು, ಠೇವಣಿ ಉಳಿದಿತ್ತು ಎಂದು ನಾನು ಹೇಳಿದ್ದು ಅಪ್ಪಟ ಸುಳ್ಳು. ವರದಿ ಇದ್ದ ಗ್ರಂಥಾಲಯದ ಮೆಟ್ಟಿಲು ಕೂಡ ಹತ್ತಿರಲಿಲ್ಲ — ಅಷ್ಟೆ, ಹೇಳಿಬಿಟ್ಟೆ. ಮೂವತ್ತೈದು ವರ್ಷ ದಾಟಿತು, ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಇದು ಕೂತೇ ಇದೆ. ಉಳಿದದ್ದನ್ನು ನೀವು ನನ್ನನ್ನು ಬೈಯುತ್ತಲೇ ಓದಬಹುದು; ನಿಮ್ಮ ಬೈಗುಳಕ್ಕೆ ನಾನು ಹೊಸಬನಲ್ಲ.

ಕಳೆದ ತಿಂಗಳು ನೀವು ಫೋನು ಮಾಡಿದಿರಲ್ಲ. "ವಿಲ್ಲಿ, ನನ್ನ ಆ ಪುಸ್ತಕ ಮೊಮ್ಮಗಳು ಪ್ರಿಂಟ್ ಮಾಡಿಸ್ತಾಳಂತೆ ಮಾರಾಯ, ಊರಿನ ಶಾಲೆಗೆ ಕೊಡ್ಲಿಕ್ಕೆ. ಬಾಪನ ಓಟಿನ ಲೆಕ್ಕ ಕಣ್ಣಾರೆ ನೋಡಿದವ ನೀನೊಬ್ಬನೇ ಅಲ್ವಾ? ಎರಡು ಸಾಲು ಬರೆದು ಕೊಡು." ಆಯಿತು ಎಂದೆ. ಇದೇ ಆ ಎರಡು ಸಾಲು — ಸ್ವಲ್ಪ ಉದ್ದವಾಗಿದೆ. ನಿಮ್ಮ ಮೊಮ್ಮಗಳೂ ಓದಲಿ ಎಂದು ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕ, ಕೊಲ್ಲಿ ದೇಶದ ತೈಲದೂರು ಅಬ್ಕೈಕ್. ತೈಲ ಸ್ಥಾವರದ ರಿಪೇರಿ ಕೆಲಸ ಹಿಡಿದಿದ್ದ ಒಂದು ಕಂಪನಿಯಲ್ಲಿ ನೀವು ಸ್ಟೋರ್ ಕೀಪರ್, ನಾನು ಹಾಜರಿ ಬರೆಯುವ ಟೈಮ್ ಕೀಪರ್, ನಿಮ್ಮ ಊರಿನವನೇ ಆದ ಕಿಟ್ಟಣ್ಣ ಎಲೆಕ್ಟ್ರಿಷಿಯನ್. ಮೂವರಿಗೂ ಒಂದೇ ಕೋಣೆ, ಒಂದೇ ಏಸಿ. ಅದು ಕೆಟ್ಟರೆ ಬೈಸಿಕೊಳ್ಳುವ ಪಾಳಿ ಮಾತ್ರ ಯಾವಾಗಲೂ ಕಿಟ್ಟಣ್ಣನದು.

ರಜೆ ಮುಗಿಸಿ ಬಂದವರು ಉಪ್ಪಿನಕಾಯಿ, ಒಣಮೀನು, ಹಲ್ವ ತಂದರೆ ನಾವೆಲ್ಲ ಒಳಗಿದ್ದದ್ದಕ್ಕೆ ಕೈಹಾಕುತ್ತಿದ್ದೆವು. ನೀವು ಮಾತ್ರ ಹೊರಗೆ ಸುತ್ತಿದ ಹಳೇ ಪೇಪರಿಗೆ! ಎಣ್ಣೆ ಒರೆಸಿ, ಮಡಿಕೆ ಬಿಡಿಸಿ, ಚುನಾವಣೆಯ ಸುದ್ದಿ ಸಿಕ್ಕಿತೋ — ಆವತ್ತು ನಿಮಗೆ ಹಬ್ಬ. ಸ್ಟೋರಿನ ಉದ್ದ ರಿಜಿಸ್ಟರಿನಲ್ಲಿ ಎಡಪುಟಕ್ಕೆ ಕ್ಷೇತ್ರ, ಬಲಪುಟಕ್ಕೆ ಅಲ್ಲಿಂದ ಗೆದ್ದು ದಿಲ್ಲಿಗೆ ಹೋದವರು, ಅವರ ಕೆಳಗೆ ಸೋತವರು. ನಮ್ಮ ಜಿಲ್ಲೆಯ ಇಡೀ ಪಾರ್ಲಿಮೆಂಟು ಚರಿತ್ರೆ ಒಣಮೀನಿನ ವಾಸನೆ ಹೊಡೆಯುತ್ತಾ ಬೆಳೆಯಿತು. ಶುಕ್ರವಾರ ನೀವು ನಮಾಜು ಮುಗಿಸಿ ಬಂದು, ಊಟವೂ ಆದ ಮೇಲೆ, ಗಟ್ಟಿಯಾಗಿ ಓದುತ್ತಿದ್ದಿರಿ: ಮೊದಲ ಚುನಾವಣೆಗೆ ನಾವು ಮದ್ರಾಸಿನವರು, ಉತ್ತರ ದಕ್ಷಿಣವೆಂದು ಎರಡು ಕ್ಷೇತ್ರ, ಮುಂದಿನದಕ್ಕೆ ಮೈಸೂರಿನವರು, ಅಷ್ಟರಲ್ಲಿ ಕಾಸರಗೋಡು ಕೇರಳಕ್ಕೆ ಹೋಗಿಯಾಗಿತ್ತು. "ನಾವು ಕೂತಲ್ಲಿಂದ ಅಲ್ಲಾಡ್ಲಿಲ್ಲ ಮಾರಾಯ, ರಾಜ್ಯಗಳೇ ನಮ್ಮ ಮೇಲಿಂದ ಹಾದು ಹೋದದ್ದು" ಎಂದು ನಗುತ್ತಿದ್ದಿರಿ. ಪಕ್ಕದ ಕೋಣೆಯ ಮಲಯಾಳಿಗಳು ಕಾಸರಗೋಡಿನ ಪುಟಕ್ಕೆಂದೇ ಜಗಳಕ್ಕೆ ಬಂದು, ಎರಡು ಸಲ ಚಹಾ ಕುಡಿದು ಹೋಗುತ್ತಿದ್ದರು.

ಆ ಪುಸ್ತಕದಲ್ಲಿ ಒಂದೇ ಒಂದು ಸಾಲು ಖಾಲಿ ಇತ್ತು — ನಿಮ್ಮ ತಂದೆಯದು, ಬಾಪನದು.

ಹೊಳೆ ದಾಟಿಸುವ ಕಡವಿನ ಗುತ್ತಿಗೆ ಹಿಡಿದಿದ್ದ ಅವರು, ತಮ್ಮ ಹೊಟ್ಟೆಪಾಡಿಗೇ ಕುತ್ತು ಬರುವುದೆಂದು ಗೊತ್ತಿದ್ದೂ, ಆ ಹೊಳೆಗೆ ಸೇತುವೆ ಬೇಕು ಎಂದು ಪಾರ್ಲಿಮೆಂಟಿಗೆ ನಿಂತವರು. ಪಕ್ಷೇತರ, ಚಿಹ್ನೆ ದೋಣಿ. ಎರಡು ದೋಣಿಗಳಲ್ಲಿ ಒಂದನ್ನು ಮಾರಿ ಠೇವಣಿ ಕಟ್ಟಿದ್ದರಂತೆ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕುವುದು. ಮತದಾನದ ದಿನ ಬಾಪ ಉಳಿದೊಂದು ದೋಣಿಯಲ್ಲಿ ಊರಿನವರನ್ನೆಲ್ಲ ಪುಕ್ಕಟೆಯಾಗಿ ದಾಟಿಸಿದರು, ಹತ್ತಿದವರೆಲ್ಲ "ನಿಮಗೇ" ಎಂದರು, ಅವರು ಸೋತರು. ಬಿದ್ದದ್ದು ಒಂದೇ ಓಟು, ಅದೂ ಅವರದೇ — ಹೀಗೊಂದು ತಮಾಷೆ ಊರಲ್ಲಿ ಹುಟ್ಟಿ, ಮೂವತ್ತು ವರ್ಷ ಬಿಟ್ಟು ಅಬ್ಕೈಕಿಗೂ ಬಂದು ಮುಟ್ಟಿತು. ಕಿಟ್ಟಣ್ಣ ನಿಮ್ಮನ್ನು ಕರೆಯುತ್ತಿದ್ದದ್ದೇ "ಒಂದೋಟು ಹಸನಾಕ" ಎಂದು. ನೀವೂ ನಗುತ್ತಿದ್ದಿರಿ. ಆದರೆ ಒಂದೇ ಓಟು ಎಂದರೆ ನಿಮ್ಮ ಉಮ್ಮ ಗಂಡನ ಪೆಟ್ಟಿಗೆಗೆ ಹಾಕಲಿಲ್ಲ ಎಂದೂ ಅರ್ಥವಾಗುತ್ತದೆ, ಮದುವೆ ಮನೆಗಳಲ್ಲಿ ಹೆಂಗಸರು ಅವರನ್ನು ಕೆಣಕುತ್ತಿದ್ದದ್ದು ಅದಕ್ಕೇ — ಇದನ್ನು ನೀವು ನನಗೊಬ್ಬನಿಗೆ ಹೇಳಿದ್ದಿರಿ. "ನಾನು ಹಾಕಿದ್ದೆ" ಎಂದು ಉಮ್ಮ ಎಷ್ಟು ಹೇಳಿದರೂ ನಂಬುವವರಿರಲಿಲ್ಲ.

ನಾನು ಮದುವೆಗೆಂದು ಊರಿಗೆ ಹೊರಟಾಗ, ಕ್ಯಾಂಪಿನ ಪದ್ಧತಿಯಂತೆ ಎಲ್ಲರೂ ಚೀಟಿ ಕೊಟ್ಟರು. ಒಬ್ಬರಿಗೆ ಕಷಾಯದ ಪುಡಿ, ಒಬ್ಬರಿಗೆ ಕನ್ನಡಕ, ಕಿಟ್ಟಣ್ಣನಿಗೆ ಒಂದು ಪೊಟ್ಟಣ ನಶ್ಯ. ನಿಮ್ಮ ಚೀಟಿಯಲ್ಲಿ ಬಾಪನ ಹೆಸರು, ಚುನಾವಣೆಯ ವರ್ಷ, ಮಂಗಳೂರಿನ ಗ್ರಂಥಾಲಯದ ದಾರಿ, ಕೆಳಗೆ ಒಂದೇ ಪ್ರಶ್ನೆ: "ಒಂದಕ್ಕಿಂತ ಹೆಚ್ಚು ಉಂಟಾ?"

ನಶ್ಯ ತಂದೆ. ಕನ್ನಡಕ ತಂದೆ. ನಿಮ್ಮ ಚೀಟಿ ಮದುವೆಯ ಕೋಟಿನ ಜೇಬಿನಲ್ಲೇ ಉಳಿಯಿತು. ಮರೆತಿದ್ದೆ ಎಂದು ಹೇಳಿ ಪಾರಾಗಬಹುದು — ಆದರೆ ಮರೆತಿರಲಿಲ್ಲ. ಒಂದು ದಿನ ಜೆಸಿಂತಾಳ ಜೊತೆ ಆ ಗ್ರಂಥಾಲಯದ ಎದುರಿನಿಂದಲೇ ಹೋದೆ. ಬಾಗಿಲು ತೆರೆದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಹೊಸ ಹೆಂಡತಿಯನ್ನು ಹಳೇ ಕಡತಗಳ ಮುಂದೆ ಕೂರಿಸುವುದೇ ಎಂದುಕೊಂಡು ಐಸ್‌ಕ್ರೀಮ್ ತಿನ್ನಲು ಹೋದೆವು. ಎರಡೆರಡು ತಿಂದೆವು.

ವಾಪಸು ಬಂದಾಗ ನೀವು ಸ್ಟೋರಿನ ಕಿಟಕಿ ಮುಚ್ಚಿ, ಹೊರಗೆ ಬೋಲ್ಟಿಗಾಗಿ ಕಾಯುತ್ತಿದ್ದ ಫೋರ್‌ಮನ್ನನಿಗೆ "ಐದು ಮಿನಿಟ್" ಎಂದು ಕೂಗಿ, ನನ್ನ ಮುಖ ನೋಡಿದಿರಿ.

"ನೋಡಿದೆಯಾ?"

"ನೋಡಿದೆ ಹಸನಾಕ."

"ಎಷ್ಟುಂಟು? ಒಂದಕ್ಕಿಂತ ಹೆಚ್ಚುಂಟಾ?"

"ಎಂತ ಒಂದು! ಮೂರನೇ ಸ್ಥಾನ. ಡಿಪಾಸಿಟ್ ಸಹ ಹೋಗ್ಲಿಲ್ಲ."

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಕೊಡುವುದೇ ಆದರೆ ಕೈತುಂಬ ಕೊಡೋಣ ಎಂದು — ಇಲ್ಲ, ಇದು ಔದಾರ್ಯವಲ್ಲ. ನಿಮ್ಮ ಕೆಲಸವೊಂದನ್ನೇ ಮಾಡದೆ ಬಂದೆ ಎಂದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಆ ಶುಕ್ರವಾರ ನೀವು ಇಡೀ ಬ್ಲಾಕಿಗೆ ಬಿರಿಯಾನಿ ಹಾಕಿದಿರಿ. ಖಾಲಿ ಸಾಲಿನಲ್ಲಿ ಕೆಂಪು ಶಾಯಿಯಿಂದ "ಮೂರನೇ ಸ್ಥಾನ" ಎಂದು ಬರೆದಿರಿ. ಕಿಟ್ಟಣ್ಣ ಎದ್ದು ನಿಂತು, "ತಪ್ಪಾಯ್ತು ಹಸನಾಕ, ನಮ್ಮಜ್ಜನೂ ನಿಮ್ಮ ದೋಣಿಯಲ್ಲಿ ಪುಕ್ಕಟೆ ದಾಟಿದವ" ಎಂದು ನಿಮ್ಮ ಕೈಹಿಡಿದ. ಆವತ್ತಿನಿಂದ ನೀವು "ಎಂಪಿ ಹಸನಾಕ". ನಾನು? ಎರಡನೇ ಸಲ ಬಡಿಸಿಕೊಂಡು ತಿಂದೆ. ಬಿರಿಯಾನಿ ಚೆನ್ನಾಗಿತ್ತು, ಏನು ಮಾಡಲಿ.

ಅಷ್ಟಕ್ಕೇ ನಿಂತಿದ್ದರೆ... ನೀವು ಟೇಪ್ ರೆಕಾರ್ಡರ್ ಹೊರಗೆ ತೆಗೆದಿರಿ. ಓದು ಬಾರದ ಉಮ್ಮನಿಗೆ ನೀವು ಕಳಿಸುತ್ತಿದ್ದದ್ದು ಕಾಗದವಲ್ಲ, ಕ್ಯಾಸೆಟ್ಟು. ವಿಷಯವನ್ನೆಲ್ಲ ಹೇಳಿ ಮೈಕನ್ನು ನನ್ನ ಬಾಯಿಗೆ ಹಿಡಿದು, "ನೀನೇ ಹೇಳು, ನೋಡಿದವ ನೀನಲ್ವಾ" ಎಂದಿರಿ. ನಾನು ಹೇಳಿದೆ: "ಉಮ್ಮ, ನಾನು ವಿಲ್ಲಿ. ಕಣ್ಣಾರೆ ನೋಡಿ ಬಂದಿದ್ದೇನೆ."

ಉಮ್ಮನ ಕ್ಯಾಸೆಟ್ಟು ಎರಡು ತಿಂಗಳ ಮೇಲೆ ಬಂತು. ಅವರ ಬ್ಯಾರಿ ಮಾತನ್ನು ನೀವು ನನಗಾಗಿ ಕನ್ನಡಕ್ಕೆ ತಂದು ಹೇಳಿದಿರಿ: ಕ್ಯಾಸೆಟ್ಟನ್ನು ಅಕ್ಕಪಕ್ಕದ ಹೆಂಗಸರನ್ನೆಲ್ಲ ಕೂರಿಸಿ ಮೂರು ಸಲ ಕೇಳಿಸಿದ್ದಾರಂತೆ. "ಆ ಹುಡುಗನ ಕಣ್ಣು ತಣ್ಣಗಿರಲಿ, ಅವನು ನೋಡಿದ್ದರಿಂದ ನನ್ನ ಮಾತು ಉಳಿಯಿತು" ಎಂದಿದ್ದರು. ನೀವು ಕಣ್ಣೊರೆಸಿಕೊಂಡಿರಿ. ನಾನು ಏಸಿ ಸದ್ದು ಮಾಡುತ್ತಿದೆ ಎಂದು ಕಿಟ್ಟಣ್ಣನನ್ನು ಕರೆಯಲು ಹೊರಗೆ ಹೋದೆ. ಏಸಿ ಸರಿಯಾಗಿಯೇ ಇತ್ತು.

ಮೊನ್ನೆ ಮಂಗಳವಾರ ಆ ಮೆಟ್ಟಿಲು ಹತ್ತಿದೆ, ಹಸನಾಕ. ಗ್ರಂಥಾಲಯದ ಹೆಣ್ಣುಮಗಳು ಕೇವಲ ಹತ್ತು ನಿಮಿಷದಲ್ಲಿ ವರದಿ ಹುಡುಕಿ ಕೊಟ್ಟಳು. ಹತ್ತು ನಿಮಿಷ — ಒಂದು ಐಸ್‌ಕ್ರೀಮ್ ತಿನ್ನುವಷ್ಟೂ ಹೊತ್ತಲ್ಲ. ಐವರು ನಿಂತಿದ್ದರು. ಬಾಪ ಐದನೆಯವರು. ಠೇವಣಿ ಹೋಗಿದೆ. ಆದರೆ ಅವರ ಹೆಸರಿನ ಮುಂದೆ ಇದ್ದದ್ದು ಒಂದಲ್ಲ, ಹತ್ತಲ್ಲ, ನೂರೂ ಅಲ್ಲ — ಸಾವಿರಗಳಲ್ಲಿತ್ತು. ಬೆರಳಿಟ್ಟು ಮೂರು ಸಲ ಓದಿದೆ, ಆ ಹೆಣ್ಣುಮಗಳ ಕೈಲೂ ಓದಿಸಿದೆ. ಸೇತುವೆ ಬೇಕೆಂದ ಒಬ್ಬ ಕಡವಿನವನಿಗೆ, ಅವನ ದೋಣಿಯನ್ನು ಕಂಡೇ ಇಲ್ಲದ ಊರುಗಳವರೂ ಓಟು ಹಾಕಿದ್ದರು.

ನೀವು ಕೇಳಿದ್ದು ಮೂರನೇ ಸ್ಥಾನವನ್ನಲ್ಲ. ಒಂದಕ್ಕಿಂತ ಹೆಚ್ಚು ಉಂಟಾ ಎಂದು ಮಾತ್ರ. ಅದಕ್ಕೆ ಉತ್ತರ ಆಗಲೂ ಅಲ್ಲೇ ಇತ್ತು. ಉಮ್ಮನ ಮಾತು ಉಳಿಸಲು ಅಷ್ಟು ನಿಜವೇ ಸಾಕಿತ್ತು. ನಾನು ಅವರಿಗೆ ಸುಳ್ಳನ್ನು ಕೊಟ್ಟೆ, ಅವರು ಅದನ್ನೇ ನಂಬಿ ತೀರಿಕೊಂಡರು.

ಬರುವ ಶುಕ್ರವಾರ ಬರುತ್ತೇನೆ, ಆ ಹೊಳೆಗೆ ಕೊನೆಗೂ ಆದ ಬಾಪನ ಸೇತುವೆಯ ಮೇಲಿಂದಲೇ. ಕಿಟ್ಟಣ್ಣನಿಗೂ ಹೇಳಿದ್ದೇನೆ. ಕೆಂಪು ಶಾಯಿಯ ಆ ಸಾಲನ್ನು ಎಲ್ಲರೆದುರು ನನ್ನ ಕೈಯಿಂದಲೇ ಹೊಡೆದುಹಾಕುತ್ತೇನೆ, ಮೊಮ್ಮಗಳು ಸರಿಯಾದದ್ದನ್ನು ಅಚ್ಚಿಗೆ ಕೊಡಲಿ. ಆಮೇಲೆ ಬಿರಿಯಾನಿ ಹಾಕುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಮದುವೆಯ ಕೋಟು ಈಗ ನನಗೆ ಹಿಡಿಸುವುದಿಲ್ಲ, ಆದರೆ ಜೇಬಿನಲ್ಲಿ ನಿಮ್ಮ ಚೀಟಿ ಹಾಗೇ ಇತ್ತು. ಇದರ ಜೊತೆಗೆ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆಯ ಕೆಳಗೆ, ವರದಿಯಲ್ಲಿದ್ದ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಅದರ ಮುಂದೆ ಇಷ್ಟು ಬರೆದಿದ್ದೇನೆ: ಉಂಟು ಹಸನಾಕ, ಈಗ ನೋಡಿದೆ.