ಬಿಟ್ಟವರಿಲ್ಲದ ನೀರು

ಅಫಜಲಪುರದ ಕಡೆಯವರು ಸಮುದ್ರ ನೋಡಲು ಹೊರಟರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೊರಡುತ್ತಾರೆ. ಅಲ್ಲಿ ಊಟ ಸಿಗುವುದಿಲ್ಲವೆಂದಲ್ಲ, ಸಿಕ್ಕಿದ್ದು ಊಟವೆನಿಸುವುದಿಲ್ಲವೆಂದು. ಕರಜಗಿಯ ನನ್ನ ಅಕ್ಕನೂ ಹಾಗೆಯೇ ಗಂಟು ಹಿಡಿದು ನನ್ನೊಂದಿಗೆ ಕಾರವಾರದ ಕಡೆ ಬಂದಿದ್ದಳು. ಕರೆತಂದದ್ದಕ್ಕೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟಾಗ ಊರಲ್ಲಿ ಯಾರೂ ಡಂಗುರ ಸಾರಿರಲಿಲ್ಲ. ಹೊಳೆದಂಡೆಯ ಹೊಲದಲ್ಲಿದ್ದ ಅವಳ ಎರಡು ಎಮ್ಮೆಗಳು ಕಟ್ಟಿದಲ್ಲಿಯೇ ಮುಳುಗಿದ್ದವು. ಪರಿಹಾರ ಬಂದರೂ ಅಕ್ಕ ಕಚೇರಿ ಅಲೆಯುವುದನ್ನು ನಿಲ್ಲಿಸಿರಲಿಲ್ಲ. ಯಾಕೆ ತಿಳಿಸಲಿಲ್ಲವೆಂದು ಒಬ್ಬರಾದರೂ ತನ್ನೆದುರು ನಿಂತು ಹೇಳಬೇಕೆಂಬುದು ಅವಳ ಹಟ. ನೀರಿಗೇನು ಗೊತ್ತಾಗುತ್ತದೆ, ಬಿಟ್ಟುಬಿಡು ಎನ್ನುವುದು ಜೇವರ್ಗಿಯಲ್ಲಿ ವಕೀಲಿ ಮಾಡುವ ನನ್ನ ಬುದ್ಧಿವಾದ. ನಾಲ್ಕು ದಿನ ಕಚೇರಿಯ ಗುಂಗು ಮರೆಯಲಿ ಎಂದೇ ಅವಳನ್ನು ಕಡಲಿಗೆ ಕರೆತಂದಿದ್ದೆ.

ಬಂದರಿನ ಮಗ್ಗುಲಿಗೆ ಗುಡ್ಡವೊಂದು ಕಡಲೊಳಕ್ಕೆ ಚಾಚಿಕೊಂಡಿದೆ. ಅದರ ಬುಡದ ಕಲ್ಲುಹಾದಿ ಹಿಡಿದರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಮುಟ್ಟಬಹುದು. ಅಲ್ಲಿ ಗುಡಿಯೇನೂ ಇರಲಿಲ್ಲ. ಆದರೂ ಸುತ್ತುವುದೆಂದರೆ ಪ್ರದಕ್ಷಿಣೆಯೇ ಎಂದು ನಂಬಿದ ಅಕ್ಕ ಗುಡ್ಡವನ್ನು ಬಲಕ್ಕಿಟ್ಟುಕೊಂಡೇ ನಡೆದಳು. ಅರ್ಧ ಸುತ್ತು ಮುಗಿದಿತ್ತೋ ಇಲ್ಲವೋ, ಮುಂದಿನ ಹಾದಿ ನೀರಿನಡಿ ಮರೆಯಾಗತೊಡಗಿತು. ಮಳೆಯಿಲ್ಲ, ಮೋಡವಿಲ್ಲ, ನೀರು ಮಾತ್ರ ಏರುತ್ತಿತ್ತು. ಅಕ್ಕ ನನ್ನ ರಟ್ಟೆ ಹಿಡಿದಳು.

“ನೀರು ಬಿಟ್ಟಾರೋ ತಮ್ಮಾ. ಯಾರು ಬಿಟ್ರು? ಒಂದ್ ಮಾತು ಹೇಳಬಾರದಾ?”

ನಗು ಬಂತು, ಅವಳ ಎಮ್ಮೆಗಳು ನೆನಪಾಗಿ ನಗಲಿಲ್ಲ. ಚಿಪ್ಪಿನ ಬುಟ್ಟಿ ಹೊತ್ತು ಮರಳುತ್ತಿದ್ದ ಹೆಂಗಸೊಬ್ಬಳು, ಇದು ಉಬ್ಬರ, ಯಾರೂ ಬಿಡುವುದಿಲ್ಲ, ಹೊತ್ತಿಗೆ ಬಂದು ಹೊತ್ತಿಗೆ ಇಳಿಯುತ್ತದೆ ಎಂದು ಸಮಾಧಾನ ಹೇಳಿದಳು. ಹಿಂದಿರುಗೋಣವೆಂದರೆ ಅರ್ಧ ಪ್ರದಕ್ಷಿಣೆಗೆ ಅಕ್ಕ ಒಪ್ಪಲಿಲ್ಲ. ಎತ್ತರದ ಬಂಡೆಯೇರಿ ಕೂತೆವು.

ಮಿತ್ರರೇ, ನಮ್ಮ ಸೀಮೆಯಲ್ಲಿ ನಲ್ಲಿಗಾಗಲಿ, ಕಾಲುವೆಗಾಗಲಿ, ಬೇಸಗೆಯ ಹೊಳೆಗಾಗಲಿ ನೀರು ತಾನಾಗಿ ಬರುವುದಿಲ್ಲ, ಯಾರೋ ‘ಬಿಡುತ್ತಾರೆ’. ಆ ಕ್ರಿಯಾಪದಕ್ಕೆ ಕರ್ತೃ ಇರಲೇಬೇಕು. ಇಲ್ಲಿ ಕರ್ತೃವೇ ಇಲ್ಲದ ನೀರು ಕಂಡದ್ದು ನನಗೆ ಅನುಕೂಲವೇ ಆಯಿತು. ರೊಟ್ಟಿ ಮುರಿಯುತ್ತ ಕಡಲನ್ನೇ ಸಾಕ್ಷಿಗೆ ಕರೆದೆ: ನೀರಿನ ಸ್ವಭಾವವೇ ಹೀಗಿರುವಾಗ ಯಾರನ್ನೆಂದು ದೂರುವುದು? ಅಕ್ಕ ನೀರನ್ನೇ ನೋಡುತ್ತಿದ್ದಳು.

ಬಿಸಿಲು ತಗ್ಗುವ ಹೊತ್ತಿಗೆ ಹಾದಿ ತೆರೆದುಕೊಂಡಿತು. ಸುತ್ತು ಪೂರೈಸಿ ಬಂದರಿಗೆ ಬಂದಾಗ ಅಕ್ಕ ಸಮುದ್ರಕ್ಕೆ ತಿರುಗಿ ಕೈಮುಗಿದಳು.

“ಇದನ್ನ ಯಾರೂ ಬಿಟ್ಟಿಲ್ಲ, ಇದರ ಮ್ಯಾಲ ನಂದೇನೂ ತಕರಾರಿಲ್ಲ,” ಎಂದಳು. “ನಮ್ಮ ಹೊಳಿಗಿ ಬಿಟ್ಟಾವ ಅದಾನ. ಸೋಮವಾರ ಕಚೇರಿಗಿ ಹೋಗತೇನಿ. ನೀ ವಕೀಲ ಅಲ್ಲೇನು? ಬರ್ತೀಯೋ ಇಲ್ಲೋ ಹೇಳು.”

ಬರುತ್ತೇನೆ ಎಂದೆ.